ಜಪಾನಿ ಕರೋಕೆಯಲ್ಲಿ 90 ದಾಟಬೇಕಾ? ಮೊದಲು ಹಾಡನ್ನು ಸರಿಯಾಗಿ ಆರಿಸಿ

ಜಪಾನಿನ ಕರೋಕೆ ಕೋಣೆಯಲ್ಲಿ ಅಂಕದ ಆಟ ಹಾಕಿಕೊಂಡರೆ, ಹಾಡು ಮುಗಿದ ಕೂಡಲೇ ಪರದೆಯ ಮೇಲೆ ಫಲಿತಾಂಶ ಬರುತ್ತದೆ. ನೂರಕ್ಕೆ 84.217, 91.563 ಹೀಗೆ, ದಶಮಾಂಶದ ಮೂರು ಅಂಕಿಯವರೆಗೆ. ಅದೇ ಹಾಡಿಗೆ ದೇಶದ ಉಳಿದವರು ಪಡೆದ ಸರಾಸರಿಯೂ ಪಕ್ಕದಲ್ಲೇ ಇರುತ್ತದೆ. ಒಳ್ಳೆಯ ಕಂಠ ಇರುವ ಹೆಂಗಸರೂ ಇಲ್ಲಿ 80ರ ಆಸುಪಾಸಿನಲ್ಲೇ ನಿಂತುಬಿಡುತ್ತಾರೆ. ಬಹಳ ಸಲ ಕಾರಣ ಒಂದೇ: ಇಷ್ಟದ ಹಾಡು ಹಾಡುತ್ತಾರೆ, ತಮ್ಮ ದನಿಗೆ ಒಗ್ಗುವ ಹಾಡನ್ನು ಹುಡುಕುವುದಿಲ್ಲ. ‘ಹೆಂಗಸರಿಗೆ ಸುಲಭದ ಹಾಡುಗಳು’ ಎನ್ನುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವನ್ನು ಮಾಡಿದವರು ನಿಮ್ಮ ದನಿ ಕೇಳಿಲ್ಲ, ಅಲ್ವಾ?

ಯಂತ್ರ ಏನನ್ನು ಕೇಳುತ್ತದೆ?

ಜಪಾನಿನ ಕೋಣೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಯಂತ್ರ ಸಿಗುತ್ತವೆ, ಡ್ಯಾಮ್ ಮತ್ತು ಜಾಯ್‌ಸೌಂಡ್. ಡ್ಯಾಮ್‌ನಲ್ಲಿ ಅಂಕ ಕೊಡುವ ವಿಧಾನಕ್ಕೆ ‘ಸೇಮಿತ್ಸು ಸೈತೆನ್’ ಎಂದು ಹೆಸರು. ಹಾಡುವಾಗ ಪರದೆಯ ಮೇಲೆ ಅಡ್ಡ ಪಟ್ಟಿಗಳು ಓಡುತ್ತವೆ. ಒಂದೊಂದು ಪಟ್ಟಿಯೂ ಒಂದು ಸ್ವರ. ನಿಮ್ಮ ದನಿ ಆ ಪಟ್ಟಿಯ ಮೇಲೆ ಕೂತಿತೇ ಎನ್ನುವುದೇ ಅಂಕದ ದೊಡ್ಡ ಪಾಲು. ಉಳಿದದ್ದು ದನಿಯ ಸ್ಥಿರತೆ, ಉದ್ದ ಎಳೆಯುವ ಸ್ವರ, ಕಂಪನ, ಲಯ, ಮತ್ತೆ ಭಾವ. ಭಾವ ಅಂದರೆ ಯಂತ್ರಕ್ಕೆ ಲೆಕ್ಕ ಸಿಗುವಂಥ ಸಂಗತಿಗಳು: ದನಿ ಏರಿಸಿ ಇಳಿಸುವುದು, ಕೆಳಗಿನಿಂದ ಜಾರಿ ಸ್ವರಕ್ಕೆ ಸೇರುವುದು (ಷಕುರಿ), ನಡುವೆ ಒಂದು ಪುಟ್ಟ ತಿರುವು ಕೊಡುವುದು (ಕೊಬುಷಿ). 2019ರಲ್ಲಿ ಬಂದ ಲೈವ್ ಡ್ಯಾಮ್ ಎಐ ಯಂತ್ರ, ಮನ ಮುಟ್ಟುವಂತೆ ಹಾಡಿದರೆ ಅದಕ್ಕೂ ಸ್ವಲ್ಪ ಬೋನಸ್ ಸೇರಿಸುತ್ತದೆ.

ಪದಗಳನ್ನು ಯಂತ್ರ ನೋಡುವುದಿಲ್ಲ. ಭಾಷೆ ಅಷ್ಟಾಗಿ ಬರದವರಿಗೆ ಇದು ದೊಡ್ಡ ಸಮಾಧಾನ. ಉಚ್ಚಾರ ತಪ್ಪಿದರೂ ಅಂಕ ಹೋಗದು. ಸ್ವರವೋ ಲಯವೋ ತಪ್ಪಿದರೆ ಹೋಗುತ್ತದೆ.

ನಿಮ್ಮ ದನಿ ಎಲ್ಲಿಂದ ಎಲ್ಲಿಗೆ?

ಜಪಾನಿ ಹಾಡುಗಳ ಎತ್ತರವನ್ನು ಅಲ್ಲಿನವರು ‘ಹೈ ಎ’, ‘ಹೈ ಸಿ’ ಎಂದು ಹೇಳುತ್ತಾರೆ. ಹೈ ಎ ಅಂದರೆ 440 ಹರ್ಟ್ಸ್‌ನ ಸ್ವರ. ಸಂಗೀತ ಕಲಿತ ನಮ್ಮ ಹೆಂಗಸರಿಗೆ ಇದನ್ನು ಹೀಗೆ ಹೇಳಬಹುದು. ನಿಮ್ಮದು ಐದು ಮನೆ ಶ್ರುತಿ ಆಗಿದ್ದರೆ, ಹೈ ಎ ನಿಮ್ಮ ತಾರಸ್ಥಾಯಿಯ ಚತುಶ್ರುತಿ ರಿಷಭ. ಹೈ ಸಿ ಅಲ್ಲಿನ ಶುದ್ಧ ಮಧ್ಯಮ. ಈಗ ಸುಮ್ನೆ ಹಾಡಿ ನೋಡಿ. ಗಂಟಲು ಬಿಗಿಯದೆ, ಕಳ್ಳದನಿಗೆ (ಎತ್ತರದಲ್ಲಿ ಬರುವ ತೆಳು, ಹುಸಿ ದನಿಗೆ) ಹೋಗದೆ ಎಲ್ಲಿಯವರೆಗೆ ತಲುಪುತ್ತೀರಿ? ಅಲ್ಲಿಂದ ಒಂದೋ ಎರಡೋ ಸ್ವರಸ್ಥಾನ (ಹಾರ್ಮೋನಿಯಮ್‌ನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವಷ್ಟು ಅಂತರ) ಕೆಳಗೆ ಗೆರೆ ಎಳೆದುಕೊಳ್ಳಿ. ಹಾಡಿನ ಅತಿ ಎತ್ತರದ ಸ್ವರ ಆ ಗೆರೆ ದಾಟಬಾರದು. ಒಂದು ಸಲ ತಲುಪುವುದು ಬೇರೆ, ಪಲ್ಲವಿ ಬಂದಾಗಲೆಲ್ಲ ಅದೇ ಸ್ವರದಲ್ಲಿ ಅಲುಗದೆ ನಿಲ್ಲುವುದು ಬೇರೆ.

ತಗ್ಗಿನ ಕಡೆಯನ್ನೂ ಮರೆಯಬೇಡಿ. ಹೆಂಗಸರು ಅಂಕ ಕಳೆದುಕೊಳ್ಳುವುದು ಮೇಲೆ ಮಾತ್ರ ಅಲ್ಲ. ಚರಣದ ತಗ್ಗು ಸ್ವರಗಳಲ್ಲಿ ದನಿ ಗಾಳಿಯಾಗಿ, ಮೈಕಿಗೆ ಕೇಳದೇ ಹೋಗುತ್ತದೆ.

ಧಾಟಿಯನ್ನು ಓದುವುದು

ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ನಿಧಾನದ ಹಾಡು ಸುಲಭ, ಮಕ್ಕಳ ಹಾಡು ಇನ್ನೂ ಸುಲಭ ಎಂದು ನಂಬುತ್ತಾರೆ. 1927ರಲ್ಲಿ ಯಮಾದ ಕೋಸಾಕು ಸಂಗೀತ ಕೊಟ್ಟ ‘ಅಕಾತೊಂಬೊ’ ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಮಕ್ಕಳ ಹಾಡು. ಅದರ ಸ್ವರಗಳು ನಮ್ಮ ಮೋಹನ ರಾಗದವೇ: ಸ ರಿ ಗ ಪ ದ. ಕೇಳಲು ಎಷ್ಟು ಹಿತ! ಆದರೆ ಮೊದಲ ಸಾಲಿನಲ್ಲೇ ಅದು ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಹತ್ತಿಬಿಡುತ್ತದೆ. ಅಷ್ಟು ಅಗಲವನ್ನು ಒಂದೇ ಉಸಿರಿನಲ್ಲಿ ಪಟ್ಟಿ ತಪ್ಪದೆ ಹಾಡುವುದು ಕಷ್ಟ.

ಹಾಗಾಗಿ ಹಾಡು ಕೇಳುವಾಗ ಮೂರು ಸಂಗತಿ ಗಮನಿಸಿ. ಸ್ವರಗಳು ಪಕ್ಕಪಕ್ಕದಲ್ಲೇ ನಡೆಯುತ್ತವೆಯೇ, ಇಲ್ಲ ಹಾರುತ್ತವೆಯೇ? ಸಾಲುಗಳ ನಡುವೆ ಉಸಿರಿಗೆ ಜಾಗ ಇದೆಯೇ? ಸಾಲಿನ ಕೊನೆಯಲ್ಲಿ ಉದ್ದದ ಸ್ವರ ಇದೆಯೇ? ಉದ್ದದ ಸ್ವರ ಇದ್ದರೆ ಸ್ಥಿರತೆಗೂ ಕಂಪನಕ್ಕೂ ಅಂಕ ಗಳಿಸುವ ಅವಕಾಶ ಅಲ್ಲೇ ಸಿಗುತ್ತದೆ.

ಶುರುವಿಗೆ ನಾನು ಹೇಳುವ ಹಾಡುಗಳು ಇವು. ನಕಾಜಿಮಾ ಮಿಯುಕಿ ಅವರ ‘ಇತೊ’: ನಡೆ ನಿಧಾನ, ಉಸಿರಿಗೆ ಬೇಕಾದಷ್ಟು ಜಾಗ. 2001ರಲ್ಲಿ ನತ್ಸುಕಾವಾ ರಿಮಿ ಹಾಡಿದ ‘ನಾದಾ ಸೋಸೋ’: ಧಾಟಿ ಒಂದು ಸಲ ಕೇಳಿದರೆ ನೆನಪಲ್ಲಿ ಉಳಿಯುತ್ತದೆ. ಟೆರೆಸಾ ತೆಂಗ್ ಅವರ 1986ರ ‘ತೊಕಿ ನೊ ನಾಗರೆ ನಿ ಮಿ ಓ ಮಕಾಸೆ’: ಮೆಲುದನಿಯವರಿಗೆ ಹೇಳಿ ಮಾಡಿಸಿದಂತಿದೆ. ಹಿತೊತೊ ಯೋ ಅವರ ‘ಹಾನಾಮಿಜುಕಿ’ ಸುಲಭದ ಹಾಡುಗಳ ಪಟ್ಟಿಗಳಲ್ಲಿ ಆಗಾಗ ಕಾಣುತ್ತದೆ. ಚರಣ ತಗ್ಗಿನಲ್ಲಿ ಸಾಗಿ ಪಲ್ಲವಿಯಲ್ಲಿ ಮೇಲೇರುವುದರಿಂದ ಅದನ್ನು ಎರಡನೇ ಹಂತಕ್ಕೆ ಇಟ್ಟುಕೊಳ್ಳಿ. ದಪ್ಪ ದನಿಯವರು ಐಮ್ಯೊನ್ ಅವರ ‘ಮಾರಿಗೋಲ್ಡ್’ ಹಾಡಿ ನೋಡಬಹುದು.

ಸದ್ಯಕ್ಕೆ ದೂರ ಇಡಬೇಕಾದವು: ಯೊಆಸೊಬಿಯ ‘ಯೊರು ನಿ ಕಾಕೆರು’ ಮತ್ತು ಅದೋ ಅವರ ‘ಉಸ್ಸೇವಾ’. ಮೊದಲನೆಯದು ಪದಗಳ ಮಳೆ ಸುರಿಸುತ್ತದೆ, ಕೊನೆಗೆ ಶ್ರುತಿಯನ್ನೇ ಬದಲಿಸುತ್ತದೆ. ಎರಡನೆಯದು ಎದೆಯ ದನಿಯಿಂದ ಕಳ್ಳದನಿಗೆ ಥಟ್ಟನೆ ಜಿಗಿಯುತ್ತದೆ. ಇವನ್ನು ಹಾಡಿ ಖುಷಿಪಡಿ, ಆದರೆ ಅಂಕದ ಆಸೆ ಇಟ್ಟುಕೊಳ್ಳಬೇಡಿ.

ಶ್ರುತಿ ಬದಲಿಸಲು ಸಂಕೋಚ ಬೇಡ

ಹಾಡು ಆರಿಸುವ ಕೈಯಳತೆಯ ಪರದೆಗೆ ಡ್ಯಾಮ್‌ನಲ್ಲಿ ‘ದೆನ್‌ಮೊಕು’ ಎನ್ನುತ್ತಾರೆ. ಅದರಲ್ಲಿ ಕೀ ಏರಿಸುವ, ಇಳಿಸುವ ಗುಂಡಿ ಇದೆ. ಒಂದು ಸಲ ಒತ್ತಿದರೆ ಒಂದು ಸ್ವರಸ್ಥಾನ. ಪಟ್ಟಿಗಳೂ ಜೊತೆಗೇ ಸರಿಯುತ್ತವೆ, ಅಂಕ ಕಡಿತ ಇಲ್ಲ. ಮೂಲ ಶ್ರುತಿಯಲ್ಲೇ ಹಾಡಬೇಕು ಎಂಬ ಹಟ ಬಿಡಿ. ಗಂಡಸರ ಹಾಡು ಇಷ್ಟವಾದರೆ ನಾಲ್ಕೈದು ಸ್ವರಸ್ಥಾನ ಆಚೆ ಈಚೆ ಮಾಡಿ ನೋಡಿ. ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ಹಾಡಿದರೂ ಯಂತ್ರ ಸರಿ ಎಂದೇ ತೆಗೆದುಕೊಳ್ಳುತ್ತದೆ. ಪ್ರತಿಧ್ವನಿಯನ್ನು ಕಡಿಮೆ ಮಾಡಿ, ನಿಮ್ಮ ಸ್ವರ ನಿಮಗೇ ಸ್ಪಷ್ಟವಾಗಿ ಕೇಳಲಿ.

ಕನ್ನಡದವರಿಗೆ ಎರಡು ಮಾತು

ಕರ್ನಾಟಕ ಸಂಗೀತವನ್ನೋ ಸುಗಮ ಸಂಗೀತವನ್ನೋ ಕಲಿತವರ ಗಂಟಲು ಸ್ವರವನ್ನು ಸುಮ್ಮನೆ ಬಿಡುವುದಿಲ್ಲ. ಗಮಕ ತಾನಾಗಿಯೇ ಬರುತ್ತದೆ. ಅದು ನಮ್ಮ ಸಂಪತ್ತು, ನಿಜ. ಆದರೆ ಇಲ್ಲಿ ದನಿ ಎರಡು ಸ್ವರಗಳ ನಡುವೆ ತೂಗಿದರೆ ಪಟ್ಟಿಯಿಂದ ಹೊರಗೆ ಹೋದಂತೆ. ಸರಳೆ ವರಸೆ ಹಾಡುವಂತೆ ಸ್ವರವನ್ನು ನೇರವಾಗಿ ಹಿಡಿಯಿರಿ. ಕಂಪನವನ್ನು ಉದ್ದದ ಸ್ವರದ ಕೊನೆಗೆ ಮಾತ್ರ ಉಳಿಸಿಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಮಗೆ ಅನುಕೂಲವೇ ಜಾಸ್ತಿ. ಅ ಇ ಉ ಎ ಒ, ಅವುಗಳ ಹ್ರಸ್ವ ದೀರ್ಘ, ಎಲ್ಲ ನಮ್ಮ ಬಾಯಿಗೆ ಹೊಸದಲ್ಲ. ಎಚ್ಚರ ಬೇಕಾದದ್ದು ‘ನ್’ ಬಂದಾಗ. ಜಪಾನಿಯಲ್ಲಿ ಅದಕ್ಕೂ ಒಂದು ಪೂರ್ತಿ ಮಾತ್ರೆ. ಹಾಡಿನಲ್ಲಿ ಎಷ್ಟೋ ಕಡೆ ಅದಕ್ಕೇ ಬೇರೆ ಸ್ವರ ಇರುತ್ತದೆ. ನಾವು ಅದನ್ನು ಮುಂದಿನ ಅಕ್ಷರಕ್ಕೆ ಒತ್ತಿಬಿಟ್ಟರೆ ಒಂದು ಪಟ್ಟಿ ಖಾಲಿ ಉಳಿಯುತ್ತದೆ.

ಒಬ್ಬರೇ ಹೋಗಿ ಹಾಡಿ

ಅಲ್ಲಿ ಒಬ್ಬರೇ ಹೋಗಿ ಹಾಡುವುದು ತೀರಾ ಮಾಮೂಲು. ‘ಹಿತೊಕಾರಾ’ ಎಂಬ ಹೆಸರೇ ಇದೆ. ವಾರದ ದಿನಗಳ ಮಧ್ಯಾಹ್ನ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಮೂರು ಹಾಡು ಆರಿಸಿಕೊಳ್ಳಿ, ಒಂದೊಂದನ್ನೂ ಬೇರೆ ಬೇರೆ ಶ್ರುತಿಯಲ್ಲಿ ಹಾಡಿ. ಪ್ರತಿ ಸಲ ಒಟ್ಟು ಅಂಕದ ಜೊತೆಗೆ ಸ್ವರ ಎಷ್ಟು ಶೇಕಡ ಸರಿ ಬಂತು ಎಂದು ನೋಡಿ, ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಸ್ವರವೇ ಕೈಕೊಟ್ಟಿದ್ದರೆ ಶ್ರುತಿ ಬದಲಿಸಿ, ಅದಕ್ಕೂ ಬಗ್ಗದಿದ್ದರೆ ಹಾಡನ್ನೇ ಬದಲಿಸಿ. ಸ್ವರ ಚೆನ್ನಾಗಿದ್ದು ಭಾವದ ಅಂಕ ಬಿದ್ದಿದ್ದರೆ ಚರಣವನ್ನು ಮೆತ್ತಗೆ, ಪಲ್ಲವಿಯನ್ನು ಎದೆ ತುಂಬಿ ಹಾಡಿ. ಪಲ್ಲವಿಯ ಎತ್ತರದಲ್ಲಿ ದನಿ ಕಿರುಚಿದಂತೆ ಆಗುತ್ತಿದ್ದರೆ ಮೈಕನ್ನು ಸ್ವಲ್ಪ ದೂರ ಹಿಡಿಯಿರಿ.