ಎಪಿಎಲ್ ಎಂಬ ರಕ್ತದ ಕ್ಯಾನ್ಸರ್: ಮೊದಲ ಎರಡು ವಾರ ದಾಟಿಸುವ ಕೆಲಸ

ಮಳೆಗಾಲದಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಡೆಂಗ್ಯೂ. ಬಹುತೇಕ ಅದೇ ಆಗಿರುತ್ತದೆ ಕೂಡ. ಆದರೆ ಅಪರೂಪಕ್ಕೆ ಒಬ್ಬರು ಪಪ್ಪಾಯಿ ಎಲೆ ರಸ ಕುಡಿಯುತ್ತಾ ಮನೆಯಲ್ಲೇ ಕೂತಿರುತ್ತಾರೆ, ಬೆಳಿಗ್ಗೆ ಹಲ್ಲುಜ್ಜಿದಾಗ ಒಸಡಿನಿಂದ ಬಂದ ರಕ್ತ ಮಧ್ಯಾಹ್ನವಾದರೂ ನಿಂತಿರುವುದಿಲ್ಲ, ಎಲ್ಲೂ ಪೆಟ್ಟು ಬೀಳದೆ ತೊಡೆಯ ಮೇಲೆ ಅಂಗೈ ಅಗಲದ ನೀಲಿ ಕಲೆ ಎದ್ದಿರುತ್ತದೆ. ಇಂಥವರ ರಿಪೋರ್ಟಿನಲ್ಲಿ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. ಡೆಂಗ್ಯೂ ಜೋರಾದಾಗ ರಕ್ತ ಗಟ್ಟಿಯಾಗಿ ಅದು ಏರುವುದೇ ಜಾಸ್ತಿ. ಪ್ಲೇಟ್‌ಲೆಟ್ ಜೊತೆ ಹಿಮೋಗ್ಲೋಬಿನ್ನೂ 7, 8ಕ್ಕೆ ಬಿದ್ದಿದ್ದರೆ ಸುಮ್ನೆ ಬಿಡುವ ಹಾಗಿಲ್ಲ.

ಆಗ ಸ್ಲೈಡನ್ನು ನಾನೇ ನೋಡುತ್ತೇನೆ. ಮಷೀನಿನ ಲೆಕ್ಕ ಸಾಲದು. ಈ ಕಾಯಿಲೆಯ ಕಣ ಒಮ್ಮೆ ಕಂಡರೆ ಮರೆಯುವುದಿಲ್ಲ. ಎರಡು ಹೋಳಾದಂತಿರುವ ನ್ಯೂಕ್ಲಿಯಸ್, ಒಳಗೆಲ್ಲ ಕೆನ್ನೇರಳೆ ಕಾಳು, ಕೆಲವು ಕಣಗಳಲ್ಲಿ ಸೌದೆ ಹೊರೆ ಕಟ್ಟಿಟ್ಟ ಹಾಗೆ ಸಣ್ಣ ಕಡ್ಡಿಗಳ ಕಂತೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ, ನಾವು ಎಪಿಎಲ್ ಅಂತೀವಿ. ಎಎಂಎಲ್ ಎನ್ನುವ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಬರುವಂಥದ್ದು.

1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಎಂಬ ವೈದ್ಯರು ಮೂವರು ರೋಗಿಗಳ ಬಗ್ಗೆ ಬರೆದು, ಇದು ಕೆಲವೇ ವಾರಗಳಲ್ಲಿ ಕೊಲ್ಲುವ ಬೇರೆಯದೇ ಕಾಯಿಲೆ ಅಂದರು. 15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡು ಅದಲು ಬದಲು ಮಾಡಿಕೊಂಡಿರುತ್ತವೆ ಎಂದು 1977ರಲ್ಲಿ ಷಿಕಾಗೋದ ಜಾನೆಟ್ ರೌಲಿ ತಂಡ ತೋರಿಸಿತು. ಆ ಅದಲುಬದಲಿನಿಂದ ಬಿಳಿ ರಕ್ತಕಣ ಬಲಿಯದೆ ಅರ್ಧಕ್ಕೇ ನಿಂತುಬಿಡುತ್ತದೆ. ಅರೆಬಲಿತ ಕಣಗಳು ಸುರಿಸುವ ವಸ್ತುಗಳಿಂದ ರಕ್ತ ಒಂದು ಕಡೆ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಹೆಪ್ಪು ಕರಗಿ ಸೋರುತ್ತದೆ. ಮೊದಲ ದಿನಗಳಲ್ಲಿ ನಾವು ಕಳೆದುಕೊಳ್ಳುವ ರೋಗಿಗಳಲ್ಲಿ ಹೆಚ್ಚಿನವರು ಹೋಗುವುದು ಮಿದುಳಿನ ರಕ್ತಸ್ರಾವದಿಂದ.

ಅದಕ್ಕೇ ನನ್ನ ಪದ್ಧತಿ ಇಷ್ಟು: ಅನುಮಾನ ಬಂದ ಗಳಿಗೆಯಲ್ಲೇ ಆಟ್ರಾ ಶುರು. ಜೀನ್ ರಿಪೋರ್ಟಿಗೆ ಕಾಯುವುದಿಲ್ಲ, ಅದು ದೊಡ್ಡ ಊರಿನ ಲ್ಯಾಬಿನಿಂದ ಬರುವ ಹೊತ್ತಿಗೆ ಕೆಲವು ದಿನ ಕಳೆದಿರುತ್ತದೆ. ಆಟ್ರಾ ಎಂದರೆ ವಿಟಮಿನ್ ಎ ಜಾತಿಗೆ ಸೇರಿದ 10 ಮಿಲಿಗ್ರಾಂ ಕ್ಯಾಪ್ಸೂಲ್. ಸಾಧಾರಣ ಮೈಕಟ್ಟಿನ ದೊಡ್ಡವರಿಗೆ ದಿನಕ್ಕೆ ಏಳರ ಆಸುಪಾಸು, ಬೆಳಿಗ್ಗೆ ಸಂಜೆ ಹಂಚಿ, ಊಟದ ಜೊತೆ. ರಿಪೋರ್ಟಿನಲ್ಲಿ ಎಪಿಎಲ್ ಅಲ್ಲ ಅಂತ ಬಂದರೆ ನಿಲ್ಲಿಸಿದರಾಯಿತು, ನಾಲ್ಕು ದಿನ ನುಂಗಿದ್ದಕ್ಕೆ ದೊಡ್ಡ ನಷ್ಟವಿಲ್ಲ. ಮಗುವಿಗೆ ಅಪಾಯವಿರುವುದರಿಂದ ಹೆಣ್ಣುಮಕ್ಕಳಲ್ಲಿ ಗರ್ಭಿಣಿಯೇ ಎಂದು ಮೊದಲು ನೋಡಿಕೊಳ್ಳಬೇಕು, ಅಷ್ಟೇ. ಭಾನುವಾರ ರಾತ್ರಿ ಯಾವ ಮೆಡಿಕಲ್ ಶಾಪಿನಲ್ಲೂ ಇದು ಸಿಗುವುದಿಲ್ಲ. ಅದಕ್ಕೆ ವಾರ್ಡಿನ ಬೀರುವಿನಲ್ಲಿ ಸದಾ ಸ್ವಲ್ಪ ಇಟ್ಟಿರುತ್ತೇನೆ.

ಅದರ ಜೊತೆಗೇ ರಕ್ತನಿಧಿಗೆ ಓಡಾಟ. ಪ್ಲೇಟ್‌ಲೆಟ್ 30ರಿಂದ 50 ಸಾವಿರದ ಮೇಲೆ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ 150ರ ಮೇಲೆ ಇರಲೇಬೇಕು. ಇಳಿದರೆ ಮತ್ತೆ ಪ್ಲೇಟ್‌ಲೆಟ್, ಮತ್ತೆ ಕ್ರಯೋ, ಅಂದರೆ ಫೈಬ್ರಿನೋಜೆನ್ ಹೆಚ್ಚಿರುವ ರಕ್ತದ ಭಾಗ. "ನಿನ್ನೆ ತಾನೇ ಹಾಕಿಸಿದ್ವಲ್ಲ ಡಾಕ್ಟ್ರೇ, ಎಲ್ಲಿ ಹೋಯ್ತು?" ಅಂತ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಯಿಲೆ ತಿನ್ನುತ್ತಾ ಇರುತ್ತದೆ, ನಾವು ತುಂಬುತ್ತಾ ಇರಬೇಕು. ರಕ್ತ ಹದಕ್ಕೆ ಬರುವವರೆಗೆ ಕುತ್ತಿಗೆಗೆ ಲೈನ್ ಇಲ್ಲ, ಬೆನ್ನುನೀರು ತೆಗೆಯುವುದಿಲ್ಲ, ಸೊಂಟಕ್ಕೆ ಸೂಜಿಯೂ ಇಲ್ಲ.

ಆಮೇಲೆ ಆರ್ಸೆನಿಕ್. ಹೆಸರು ಹೇಳಿದ ಕೂಡಲೇ ಮನೆಯ ಹಿರಿಯರು "ಪಾಷಾಣನಾ?" ಅಂತ ಬೆಚ್ಚುತ್ತಾರೆ. ಹೌದು, ಅದೇ. ಆಟ್ರಾದ ಮೊದಲ ಯಶಸ್ಸು 1985ರ ಶಾಂಘೈಯದು, ವಾಂಗ್ ಝೆನ್‌ಯಿ ಒಂದು ಐದು ವರ್ಷದ ಹುಡುಗಿಗೆ ಕೊಟ್ಟು ಗೆದ್ದರು. ಆರ್ಸೆನಿಕ್ ಬಂದದ್ದು ಚೀನಾದ್ದೇ ಇನ್ನೊಂದು ಊರಾದ ಹಾರ್ಬಿನ್‌ನಿಂದ. ಎರಡನ್ನೂ ಸೇರಿಸಿ, ಹಳೆಯ ಕೀಮೋ ಇಲ್ಲದೆಯೇ ಕೊಟ್ಟ ಯುರೋಪಿನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಬದುಕಿದ್ದವರು 97%, ಕೀಮೋ ಗುಂಪಿನಲ್ಲಿ 86%. ನಮ್ಮ ಪಕ್ಕದ ವೆಲ್ಲೂರಿನವರು ಅದಕ್ಕೂ ಮೊದಲೇ, 2006ರಲ್ಲಿ, 72 ರೋಗಿಗಳಿಗೆ ಮುಖ್ಯವಾಗಿ ಆರ್ಸೆನಿಕ್ ಒಂದನ್ನೇ ಕೊಟ್ಟ ಫಲಿತಾಂಶ ಬರೆದಿದ್ದರು. ಮೂರು ವರ್ಷಕ್ಕೆ ಸುಮಾರು 86% ಜನ ಬದುಕಿದ್ದರು.

ಆ 97 ಅಂಕಿಯನ್ನು ನಾನು ಮನೆಯವರಿಗೆ ಮೊದಲ ದಿನ ಹೇಳುವುದಿಲ್ಲ. ಅದು ಬಿಳಿ ರಕ್ತಕಣ 10,000ದ ಒಳಗಿದ್ದವರ, ಅಧ್ಯಯನಕ್ಕೆ ಸೇರುವಷ್ಟು ಹೊತ್ತು ಉಳಿದವರ ಲೆಕ್ಕ. ಆಂಬ್ಯುಲೆನ್ಸಿನಲ್ಲೇ ಪ್ರಜ್ಞೆ ತಪ್ಪಿದವರು ಯಾವ ಲೆಕ್ಕಕ್ಕೂ ಬಂದಿರುವುದಿಲ್ಲ, ಅಲ್ವಾ? ಕಣ 10,000 ದಾಟಿದ್ದರೆ ಜೊತೆಗೆ ಕೀಮೋ ಔಷಧವೂ ಬೇಕಾಗುತ್ತದೆ.

ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಕ. ಇದೊಂದು ನಮ್ಮ ಸಿಸ್ಟರ್‌ಗಳು ಎಂದೂ ತಪ್ಪಿಸುವುದಿಲ್ಲ. ಔಷಧ ಕೆಲಸ ಮಾಡಿ ಕಣಗಳು ಒಟ್ಟಿಗೇ ಬಲಿಯತೊಡಗಿದಾಗ ಕೆಲವರಿಗೆ ಜ್ವರ, ಉಬ್ಬಸ, ಶ್ವಾಸಕೋಶದಲ್ಲಿ ನೀರು ಬರುತ್ತದೆ, ಬಿಪಿ ಇಳಿಯುತ್ತದೆ. ಎಷ್ಟೋ ಸಲ ಉಬ್ಬಸಕ್ಕೆ ಮೊದಲು ತೂಕವೇ ಏರಿರುತ್ತದೆ. ಅನುಮಾನ ಬಂದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 10 ಮಿಲಿಗ್ರಾಂ ದಿನಕ್ಕೆರಡು ಸಲ, ಕೂಡಲೇ. ಎಕ್ಸ್‌ರೇ ಆಮೇಲೆ. ಇದೇ ಹೊತ್ತಿಗೆ ಬಿಳಿ ರಕ್ತಕಣ 3,000 ಇದ್ದದ್ದು 30,000ಕ್ಕೆ ಹೋಗಬಹುದು, "ಜಾಸ್ತಿ ಆಗ್ತಿದೆಯಲ್ಲಾ ಸಾರ್" ಅಂತ ಮಗ ರಿಪೋರ್ಟ್ ಹಿಡಿದು ಬರುತ್ತಾನೆ. ಕಾಯಿಲೆ ಏರುತ್ತಿಲ್ಲಪ್ಪಾ, ಕಣ ಬಲಿಯುತ್ತಿದೆ ಅಂತ ಕೂರಿಸಿ ಹೇಳಬೇಕು. ಆಗ ಗಾಬರಿಯಲ್ಲಿ ಮೂಳೆಮಜ್ಜೆ ಪರೀಕ್ಷೆ ಮಾಡಿದರೆ ದಿಕ್ಕು ತಪ್ಪುತ್ತದೆ. ನಾಲ್ಕು ವಾರವಾದರೂ ಬಿಡಿ.

ಆರ್ಸೆನಿಕ್ ಹೃದಯದ ಬಡಿತ ಕೆಡಿಸಬಲ್ಲದು. ಪೊಟ್ಯಾಶಿಯಂ 4ರ ಮೇಲೆ, ಮೆಗ್ನೀಷಿಯಂ 1.8ರ ಮೇಲೆ, ವಾರಕ್ಕೆರಡು ಇಸಿಜಿ. ಕೆಮ್ಮಿಗೆ ಅಂತ ಯಾರೋ ಬರೆದುಕೊಟ್ಟ ಅಜಿಥ್ರೋಮೈಸಿನ್, ವಾಂತಿಗೆ ಒಂಡಾನ್ಸೆಟ್ರಾನ್, ಎರಡೂ ಇದಕ್ಕೆ ಆಗಿಬರುವುದಿಲ್ಲ. ಹೊರಗಿನ ಮಾತ್ರೆ ಯಾವುದಿದ್ದರೂ ನನಗೆ ತೋರಿಸಿಯೇ ನುಂಗಿ ಅಂತ ಹೇಳಿಟ್ಟಿರುತ್ತೇನೆ.

ಇದೆಲ್ಲ ದಾಟಿದವರಿಗೆ ಮುಂದಿನದು ಬರೀ ಓಡಾಟ. ವಾರಕ್ಕೆ ಐದು ದಿನ ಆರ್ಸೆನಿಕ್ ಡ್ರಿಪ್, ನಾಲ್ಕು ವಾರ ಹಾಕಿ ನಾಲ್ಕು ವಾರ ಬಿಡುವು, ಹೀಗೆ ನಾಲ್ಕು ಸುತ್ತು. ದೂರದ ಊರಿನವರು ಆಸ್ಪತ್ರೆ ಹತ್ತಿರ ರೂಮು ಮಾಡುತ್ತಾರೆ, ಕೆಲವರು ಕೆಲಸಕ್ಕೂ ಹೋಗಿಬರುತ್ತಾರೆ. ಕೀಮೋ ಬೇಕಾಗದವರಿಗೆ ಕೂದಲು ಉದುರುವುದಿಲ್ಲ, ಹಾಗಾಗಿ ನೆಂಟರು ಕ್ಯಾನ್ಸರ್ ಅಂದರೆ ನಂಬುವುದೂ ಇಲ್ಲ.

ತಾಲೂಕಿನಲ್ಲಿ ಕೆಲಸ ಮಾಡುವ ನನ್ನ ಕಿರಿಯ ಸ್ನೇಹಿತರಿಗೆ ಒಂದು ಮಾತು. ಇಂಥ ರೋಗಿಯನ್ನು ಕಳಿಸುವಾಗ ಸ್ಲೈಡನ್ನೂ ಕೈಯಲ್ಲಿ ಕೊಟ್ಟು ಕಳಿಸಿ. ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಕೊನೆಯ ರಕ್ತ ಹಾಕಿದ್ದು ಯಾವಾಗ ಎಂದು ಚೀಟಿಯಲ್ಲಿ ಬರೆಯಿರಿ. ಪ್ಲೇಟ್‌ಲೆಟ್ ಸಿಗುವ ಊರಾದರೆ ಹಾಕಿಯೇ ಗಾಡಿ ಹತ್ತಿಸಿ. ಹೊರಡುವ ಮೊದಲು ಒಂದು ಫೋನ್ ಮಾಡಿ, ಅವರು ಬಂದಿಳಿಯುವಷ್ಟರಲ್ಲಿ ಕ್ಯಾಪ್ಸೂಲ್ ಬೀರುವಿನಿಂದ ಹೊರಗೆ ತೆಗೆಸಿಟ್ಟಿರುತ್ತೇವೆ.