ಆ ಫೈಲು ಯಾರ ಮೇಜಿನ ಮೇಲಿದೆ?

ಆ ಹುಡುಗ ಕನ್ನಡ ಕಲಿತಿದ್ದು ಜೈಲಿನಲ್ಲಿ. ಪೂರ್ವ ಆಫ್ರಿಕಾದ ಒಂದು ದೇಶದಿಂದ ಓದಲು ಬೆಂಗಳೂರಿಗೆ ಬಂದಿದ್ದ. ಊರಲ್ಲಿ ಅಪ್ಪ ತೀರಿಕೊಂಡರು, ಫೀಸು ಕಟ್ಟೋಕೆ ಆಗಲಿಲ್ಲ, ಕಾಲೇಜು ಬಿಟ್ಟ, ವೀಸಾ ಮುಗಿಯಿತು. ಒಂದು ರಾತ್ರಿ ಪೊಲೀಸ್ ತಪಾಸಣೆಯಲ್ಲಿ ಸಿಕ್ಕಿಬಿದ್ದ. ವಕಾಲತ್ತಿಗೆ ಸಹಿ ಹಾಕಿಸಲು ಹೋದಾಗ ನನಗೆ ಹೇಳಿದ್ದು ಒಂದೇ ಮಾತು: "ಮೇಡಂ, ಊರಿಗೆ ಹೋಗ್ತೀನಿ. ಕಳಿಸಿ."

ಅವನಿಗೆ ಹೋಗಬೇಕಿತ್ತು. ಸರ್ಕಾರಕ್ಕೆ ಕಳಿಸಬೇಕಿತ್ತು. ಆದರೂ ಹದಿನಾಲ್ಕು ತಿಂಗಳು ಹಿಡಿಯಿತು.

ಆಗಿನ್ನೂ 1946ರ ವಿದೇಶಿಯರ ಕಾಯ್ದೆಯೇ ಜಾರಿಯಲ್ಲಿತ್ತು. ವೀಸಾ ಮುಗಿದ ಮೇಲೂ ಉಳಿದುಕೊಂಡರೆ ಐದು ವರ್ಷದವರೆಗೆ ಜೈಲು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಕೇಸು ಬಾಕಿ ಇರುವವರೆಗೆ ದೇಶ ಬಿಡಲು ಅನುಮತಿ ಸಿಗುವುದಿಲ್ಲ. ಅವನಿಗೆ ಜಾಮೀನು ಸಿಕ್ಕಿತು, ಆದರೆ ವೀಸಾ ಇಲ್ಲದವನನ್ನು ಹೊರಗೆ ಬಿಡುವಂತಿಲ್ಲ ಅಂತ ಜೈಲಿನಿಂದ ನೇರವಾಗಿ ವಿದೇಶಿಯರನ್ನು ಇಡುವ ಕೇಂದ್ರಕ್ಕೆ ಕರೆದುಕೊಂಡು ಹೋದರು.

ತಪ್ಪೊಪ್ಪಿಕೊಂಡರೆ ಕೇಸು ಬೇಗ ಮುಗಿಯುತ್ತದೆ. ಒಳಗೆ ಕಳೆದ ದಿನಗಳನ್ನೇ ಶಿಕ್ಷೆ ಅಂತ ಲೆಕ್ಕ ಹಾಕಿ, ದಂಡ ಕಟ್ಟಿಸಿಕೊಂಡು ಬಿಡುವುದುಂಟು. ಆದರೆ ಮುಂದೆ ಭಾರತಕ್ಕೆ ಬರುವ ಬಾಗಿಲು ಮುಚ್ಚಬಹುದು. ಇದನ್ನು ಅವನಿಗೆ ಎರಡು ಸಲ ಬಿಡಿಸಿ ಹೇಳಿದೆ. "ಒಂದು ವಾರ ಯೋಚನೆ ಮಾಡಪ್ಪ, ಇವತ್ತೇ ಹೇಳಬೇಡ" ಅಂದೆ. ಬೇಗ ಹೊರಗೆ ಬರುವ ಆಸೆಗೆ ಏನು ಒಪ್ಪಿಕೊಳ್ಳುತ್ತಿದ್ದೇವೆ ಅಂತ ಗೊತ್ತಿಲ್ಲದೆ ಸಹಿ ಹಾಕುವವರನ್ನು ನೋಡಿದ್ದೇನೆ. ಒಂದು ವಾರ ಆದ ಮೇಲೆ ಅವನು ಒಪ್ಪಿದ. ಕೇಸು ಮುಗಿಯಿತು.

ಎಲ್ಲ ಮುಗಿಯಿತು ಅಂದುಕೊಂಡೆ. ನಿಜವಾದ ಕಾಯುವಿಕೆ ಶುರುವಾಗಿದ್ದೇ ಆಮೇಲೆ.

ಅವನ ದೇಶದ ರಾಯಭಾರ ಕಚೇರಿ ಇವನು ನಮ್ಮವನೇ ಅಂತ ಖಾತ್ರಿಪಡಿಸಬೇಕು. ಅದಕ್ಕೆ ಇಲ್ಲಿಂದ ಪತ್ರ ಹೋಗಬೇಕು. ಮೂರು ತಿಂಗಳು ನಾನು ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಅನ್ನುವ ಒಂದೇ ಉತ್ತರ. ಆಗ ಒಂದು ಲಾಂಗ್ ನೋಟ್‌ಬುಕ್ ತಂದು ಮೂರು ಕಾಲಂ ಎಳೆದೆ. ತಾರೀಕು, ಯಾವ ಕಾಗದ, ಯಾರ ಮೇಜು. "ಏನಾಯ್ತು ಸಾರ್?" ಅಂತ ಕೇಳುವುದನ್ನು ಬಿಟ್ಟೆ. "ಇನ್ವರ್ಡ್ ನಂಬರ್ ಎಷ್ಟು? ಯಾರ ಹತ್ರ ಹೋಯ್ತು? ಯಾವತ್ತು?" ಅಂತ ಕೇಳತೊಡಗಿದೆ. ಕೊಟ್ಟ ಪ್ರತಿ ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ.

ಎರಡೇ ವಾರದಲ್ಲಿ ಗೊತ್ತಾಯಿತು. ಆ ಪತ್ರ ಬೆಂಗಳೂರನ್ನೇ ಬಿಟ್ಟಿರಲಿಲ್ಲ. ಫಾರಂನಲ್ಲಿ ಊರಿನ ಮನೆ ನಂಬರ್ ಖಾಲಿ ಇತ್ತು, ಅದಕ್ಕೆ ಒಬ್ಬರು ಪಕ್ಕಕ್ಕೆ ಇಟ್ಟಿದ್ದರು. ಅವನ ಹಳ್ಳಿಯಲ್ಲಿ ಮನೆಗಳಿಗೆ ನಂಬರೇ ಇಲ್ಲ! ಅವನ ತಾಯಿಗೆ ಫೋನ್ ಮಾಡಿ, ಚರ್ಚಿನ ಹೆಸರು, ಓದಿದ ಶಾಲೆಯ ಹೆಸರು ಬರೆದುಕೊಂಡು ಅಫಿಡವಿಟ್ ಮಾಡಿಸಿದೆ. ಅವಧಿ ಮುಗಿದ ಅವನ ಪಾಸ್‌ಪೋರ್ಟ್ ಮುದ್ದೆಮಾಲಿನ (ಕೇಸಿಗಾಗಿ ಜಪ್ತಿ ಮಾಡಿದ ವಸ್ತುಗಳ) ಜೊತೆ ಕೋರ್ಟಿನಲ್ಲೇ ಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು ಬೇರೆ ಅರ್ಜಿ.

ಇಲ್ಲಿ ನನ್ನದೇ ಒಂದು ತಪ್ಪು ಆಯಿತು. ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಟ್ಟಿತು, ಎರಡು ತಿಂಗಳ ಅವಧಿಯದ್ದು. ಅದು ಕೈಗೆ ಬಂದ ಮೇಲೆ ನಾನು ನಿರ್ಗಮನ ಅನುಮತಿಗೆ ಅರ್ಜಿ ಹಾಕಿದೆ. ಅನುಮತಿ ಬಂದ ದಿನಕ್ಕೆ ಪ್ರಯಾಣ ಪತ್ರದ ಅವಧಿ ಮುಗಿದು ಐದು ದಿನ ಆಗಿತ್ತು. ಆ ತೆಳ್ಳನೆಯ ಕಾಗದವನ್ನು ಅವನ ಮುಂದೆ ಇಟ್ಟು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಎರಡನೇ ಸಲ ಎಲ್ಲವನ್ನೂ ಒಟ್ಟಿಗೆ ನಡೆಸಿದೆ. ಇತ್ತ ಅನುಮತಿ ಅರ್ಜಿ, ಅತ್ತ ಹೊಸ ಪತ್ರ, ಅಲ್ಲಿ ಅವನ ಅಕ್ಕನಿಗೆ ಟಿಕೆಟ್ ದುಡ್ಡು ಹೊಂದಿಸಲು ಫೋನು. ಈ ಕೆಲಸಕ್ಕೆ ಹೊಸದಾಗಿ ಬರುವ ಜೂನಿಯರ್‌ಗಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ನನ್ನ ತಮ್ಮ ಒಮ್ಮೆ ಕೇಳಿದ: "ಅಕ್ಕ, ನಮ್ಮ ಅಪ್ಪನ ಸೈಟಿನ ಕೇಸೇ ಹನ್ನೊಂದು ವರ್ಷದಿಂದ ನಡೀತಿದೆ. ಇವರಿಗ್ಯಾಕೆ ಅಷ್ಟು ಅರ್ಜೆಂಟು?" ನ್ಯಾಯವಾದ ಪ್ರಶ್ನೆ. ಆದರೆ ಸೈಟಿನ ಕೇಸು ನಡೆಯುವಾಗ ಅಪ್ಪ ರಾತ್ರಿ ಮನೆಯಲ್ಲೇ ಮಲಗುತ್ತಾರೆ, ಅಲ್ವಾ? ಬೇಗ ಕಳಿಸಿ ಅನ್ನುವವರಿಗೂ ಈ ವಿಳಂಬದಿಂದ ಏನೂ ಸಿಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಅಸ್ಸಾಂನ ಬಂಧನ ಕೇಂದ್ರದಲ್ಲಿದ್ದವರ ಸ್ವದೇಶದ ವಿಳಾಸ ಗೊತ್ತಿಲ್ಲ ಅಂತ ಗಡೀಪಾರು ನಿಂತಿದ್ದಾಗ, ಮುಹೂರ್ತಕ್ಕೆ ಕಾಯ್ತಿದ್ದೀರಾ ಅಂತ ಅಲ್ಲಿನ ಸರ್ಕಾರವನ್ನು ಸುಪ್ರೀಂ ಕೋರ್ಟೇ ಕೇಳಿತ್ತು.

ಹಾಗಂತ ಕಣ್ಣು ಮುಚ್ಚಿ ಬೇಗ ಕಳಿಸುವುದೂ ನ್ಯಾಯವಲ್ಲ. ನನ್ನ ಇನ್ನೊಬ್ಬ ಕಕ್ಷಿದಾರಳು ಮ್ಯಾನ್ಮಾರ್‌ನವಳು. ನಗರದ ಹೊರಗೆ ಒಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ವಿಂಗಡಿಸುತ್ತಾಳೆ. ಅವಳಿಗೆ ಹಿಂದಿರುಗುವುದೇ ಭಯ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆ ಅಂತಲೇ ಕಾನೂನೂ ಇಲ್ಲ. ಟಿಬೆಟ್ಟಿನವರನ್ನು, ಶ್ರೀಲಂಕಾದ ತಮಿಳರನ್ನು ಸರ್ಕಾರವೇ ನೋಡಿಕೊಂಡಿತು. ಬೈಲಕುಪ್ಪೆ ಬೆಳೆದದ್ದು ಹಾಗೆ. ಇವಳಂಥವರ ಅರ್ಜಿ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಹೋಗುತ್ತದೆ. ಅಲ್ಲಿ ಸಿಗುವ ಕಾರ್ಡಿನಿಂದ ಗಡೀಪಾರು ತಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ. ಬದುಕುವ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದು ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪು ಹೇಳಿತು. 2021ರಲ್ಲಿ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದಲ್ಲಿದ್ದವರನ್ನು ಬಿಡಿಸಲಿಲ್ಲ, ಆದರೆ ನಿಗದಿತ ಕ್ರಮ ಪಾಲಿಸದೆ ಕಳಿಸಬಾರದು ಎಂದಿತು. ನನ್ನಂಥವರು ಹಿಡಿದುಕೊಳ್ಳುವುದು ಆ "ಕ್ರಮ" ಅನ್ನುವ ಮಾತನ್ನೇ. ಅವಳ ಮಾತನ್ನು ಅವಳ ಭಾಷೆಯಲ್ಲಿ ಒಬ್ಬರು ಕೂತು ಕೇಳಲಿ, ಆಮೇಲೆ ತೀರ್ಮಾನ ಮಾಡಲಿ.

ಹುಡುಗ ಹೋದದ್ದು ಒಂದು ಮಂಗಳವಾರ, ನಸುಕಿನ ವಿಮಾನಕ್ಕೆ. ವಾರ ಬಿಟ್ಟು ವಾಯ್ಸ್ ಮೆಸೇಜ್ ಬಂತು. "ಮೇಡಂ, ಊಟ ಆಯ್ತಾ?" ಅಂತ ಶುರುಮಾಡಿ, ಅವನ ತಾಯಿಯ ಕೈಗೆ ಫೋನ್ ಕೊಟ್ಟ. ಆಕೆ ಹೇಳಿದ್ದು ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಮೂರು ಸಲ ಕೇಳಿದೆ.

ನೋಟ್‌ಬುಕ್ಕಿನಲ್ಲಿ ಅವನ ಪುಟಕ್ಕೆ ಅಡ್ಡಗೆರೆ ಎಳೆದಿದ್ದೇನೆ. ಮ್ಯಾನ್ಮಾರ್‌ನವಳ ಪುಟದಲ್ಲಿ ಮೂರನೇ ಕಾಲಂ ಇನ್ನೂ ಖಾಲಿ ಇದೆ. ಸೋಮವಾರ ದೆಹಲಿಗೆ ಸ್ಪೀಡ್ ಪೋಸ್ಟಿನಲ್ಲಿ ಮತ್ತೊಂದು ಪತ್ರ ಹಾಕಬೇಕು.