ಹಳೆ ಕಾರಿನ ಬ್ರೇಕ್ ಏರ್ ಮನೆಯಲ್ಲೇ ತೆಗೆಯುವುದು ಹೇಗೆ?

ಕೊರೊನಾ ಲಾಕ್‌ಡೌನ್ ಶುರುವಾದ ಮೇಲೆ ಗೆಳೆಯರ ವಿಡಿಯೊ ಕಾಲ್ ಜಾಸ್ತಿಯಾಗಿತ್ತು, ಅದರಲ್ಲೂ ಕಾರಿನ ಪಕ್ಕ ಕೂತು ಮಾಡುವ ಕಾಲ್. ವರ್ಷಗಟ್ಟಲೆ ನಿಂತಿದ್ದ ಹಳೆ ಕಾರಿಗೆ ಆಗ ಸಮಯ ಸಿಕ್ಕಿತ್ತು, ಗ್ಯಾರೇಜ್‌ಗಳು ಮುಚ್ಚಿದ್ದವು, ತಾವೇ ಕೈ ಹಾಕಿದ್ದರು. ಒಳ್ಳೆಯದೇ. ಆದರೆ ಹೀಗೆ ನೋಡಿದ ನಾಲ್ಕು ಕಾರುಗಳಲ್ಲಿ ಮೂರರದ್ದು ಒಂದೇ ಕಥೆ. ಬ್ರೇಕ್ ಏರ್, ಅಂದರೆ ಬ್ರೇಕ್ ಪೈಪಿನಲ್ಲಿ ಸೇರಿಕೊಂಡ ಗಾಳಿ, ತೆಗೆದಿದ್ದರು, ಪೆಡಲ್ ಮಾತ್ರ ಇನ್ನೂ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಒಬ್ಬರಂತೂ ಪೂರ್ತಿ ಒಂದು ಲೀಟರ್ ಆಯಿಲ್ ಖಾಲಿ ಮಾಡಿದ್ದರು. ಕಾರಿನಲ್ಲಿ ದೋಷ ಇರಲಿಲ್ಲ. ನಿಪ್ಪಲ್ (ಗಾಳಿ ಹೊರಬಿಡಲು ಚಕ್ರದ ಬಳಿ ಇರುವ ಸಣ್ಣ ಬೋಲ್ಟ್) ತಿರುಗಿಸುವವರಿಗೂ ಪೆಡಲ್ ಒತ್ತುವವರಿಗೂ ತಾಳ ಕೂಡಿರಲಿಲ್ಲ, ಅಷ್ಟೇ.

ಇಲ್ಲಿ ಹೇಳುವುದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆ ಕಾರುಗಳ ವಿಷಯ.

ಯಾವ ಆಯಿಲ್?

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕುದಿಯಲು ಕಡಿಮೆ ಎಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಆಯಿಲ್ ಕುದ್ದರೆ ಪೈಪಿನೊಳಗೆ ಆವಿ ತುಂಬಿ ಪೆಡಲ್ ಖಾಲಿ ಹೋಗುತ್ತದೆ. ನಿಂತ ಕಾರಿನಲ್ಲಿ ಅದೇ ನೀರು ಸಿಲಿಂಡರ್‌ಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಮೇಲೆ ಸ್ವಲ್ಪ ಸುರಿದು ಮಟ್ಟ ಸರಿಮಾಡಿ ಸುಮ್ಮನಾಗಬೇಡಿ, ಹಳೆಯದೆಲ್ಲ ಹೊರಗೆ ಬರಲಿ.

ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿದ್ದರೆ ಅದನ್ನೇ ತನ್ನಿ. ಸಂಖ್ಯೆ ದೊಡ್ಡದು ಎಂದು ಡಾಟ್ 5 ತರಬೇಡಿ. ಅದು ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಯುವುದಿಲ್ಲ. ಹಸಿರು ಎಲ್‌ಎಚ್‌ಎಂ (ಖನಿಜ ತೈಲದ) ಆಯಿಲ್ ಬಳಸುವ ಹಳೆ ಸಿಟ್ರೊಯೆನ್ ಇದ್ದರಂತೂ ಅದಕ್ಕೆ ಮಾಮೂಲಿ ಬ್ರೇಕ್ ಆಯಿಲ್ ಒಂದು ಹನಿಯೂ ಬೇಡ, ಸೀಲ್‌ಗಳು ಹಾಳಾಗುತ್ತವೆ. ಸೀಲ್ ಒಡೆಯದ ಹೊಸ ಬಾಟಲಿಯೇ ಬೇಕು. ಶೆಡ್‌ನಲ್ಲಿ ಎರಡು ವರ್ಷದಿಂದ ಅರ್ಧ ಉಳಿದ ಬಾಟಲಿ ಇದೆಯಲ್ಲ, ಅದನ್ನು ಮುಟ್ಟಬೇಡಿ.

ಕಾರು ಎತ್ತುವುದು

ಸಮತಟ್ಟಾದ ಗಟ್ಟಿ ನೆಲ, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಅಡ್ಡ, ಜಾಕ್‌ನಿಂದ ಎತ್ತಿದ ತಕ್ಷಣ ಕೆಳಗೆ ಸ್ಟ್ಯಾಂಡ್. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಖಂಡಿತ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲ ಎಂದಾದರೆ ಕೆಲಸವನ್ನೇ ಮುಂದಕ್ಕೆ ಹಾಕಿ. ಕೈಕಾಲು ಮುರಿದುಕೊಂಡು ಆಸ್ಪತ್ರೆಗೆ ಹೋಗುವುದು ಯಾರಿಗೂ ಒಳ್ಳೆಯದಲ್ಲ.

ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಹಳೆ ಕಾರುಗಳ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಬ್ರೇಕ್ ಶೂ (ಡ್ರಮ್‌ಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಭಾಗ) ಸಡಿಲ ಇದ್ದರೆ ಈಗಲೇ ಅಡ್ಜಸ್ಟ್ ಮಾಡಿ. ಶೂ ಸಡಿಲ ಇದ್ದಾಗ ಎಷ್ಟು ಏರ್ ತೆಗೆದರೂ ಪೆಡಲ್ ಕೆಳಗೇ ಹೋಗುತ್ತದೆ.

ನಿಪ್ಪಲ್ ಮುರಿಯದಿರಲಿ

ಹಿಂದಿನ ದಿನವೇ ನಾಲ್ಕೂ ನಿಪ್ಪಲ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಹಾಕಿ. ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ. ಹೊರಗಿನ ದಾರಕ್ಕೆ (ಬೋಲ್ಟಿನ ಥ್ರೆಡ್‌ಗೆ) ಮಾತ್ರ ಒಂದೆರಡು ಹನಿ ಸಾಕು, ರಬ್ಬರಿಗೆ ತಾಗಿದರೆ ರಬ್ಬರ್ ಉಬ್ಬುತ್ತದೆ. ಆರು ಮೂಲೆಯ ಸಾಕೆಟ್ ಬಳಸಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ. ಸಣ್ಣ ಸುತ್ತಿಗೆಯಿಂದ ನಿಪ್ಪಲ್ ತಲೆಗೆ ಮೆಲ್ಲಗೆ ತಟ್ಟಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ತಿರುಗುವಾಗ ಕೈಗೆ ಮೆತ್ತಗೆ ರಬ್ಬರಿನ ಹಾಗೆ ಅನಿಸಿದರೆ ಅದು ಬಿಚ್ಚುತ್ತಿಲ್ಲ, ತಿರುಚುತ್ತಿದೆ. ನಿಲ್ಲಿಸಿ, ಮತ್ತೆ ಆಯಿಲ್ ಹಾಕಿ, ಇನ್ನೊಂದು ದಿನ ಕಾಯಿರಿ.

ನಾಲ್ಕೂ ಬಿಚ್ಚುತ್ತವೆ ಎಂದು ಖಾತ್ರಿಯಾದ ಮೇಲಷ್ಟೇ ಮುಂದಿನ ಕೆಲಸ. ಮೂರು ಚಕ್ರ ಮುಗಿಸಿ ನಾಲ್ಕನೆಯದರಲ್ಲಿ ನಿಪ್ಪಲ್ ಮುರಿದುಕೊಂಡವರನ್ನು ನೋಡಿದ್ದೇನೆ. ಆಗ ಬಿಡಿಭಾಗದ ಅಂಗಡಿಯೂ ಮುಚ್ಚಿತ್ತು ಅಲ್ವಾ?

ದಾರಕ್ಕೆ ಟೆಫ್ಲಾನ್ ಟೇಪ್ ಸುತ್ತುವವರಿದ್ದಾರೆ. ಬೇಡ. ನಿಪ್ಪಲ್ ಮುಚ್ಚಿಕೊಳ್ಳುವುದು ಅದರ ಮೊನಚು ತುದಿಯಿಂದ, ದಾರದಿಂದ ಅಲ್ಲ. ಟೇಪಿನ ಚೂರು ಒಳಗೆ ಸೇರಿದರೆ ಹುಡುಕುವುದು ಕಷ್ಟ.

ಒತ್ತುವುದು, ಬಿಡುವುದು

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಮೇಲಿನ ಆಯಿಲ್ ಡಬ್ಬಿಯ ಸುತ್ತ ಒರೆಸಿ, ಹಳೆ ಆಯಿಲನ್ನು ಸಿರಿಂಜ್‌ನಲ್ಲಿ ಎಳೆದು ಹೊಸದನ್ನು ತುಂಬಿಸಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ. ಡಾಟ್ 3, ಡಾಟ್ 4 ನೀರಲ್ಲಿ ಕರಗುತ್ತವೆ, ಹಾಗೇ ಬಿಟ್ಟರೆ ಬಣ್ಣ ಕಿತ್ತು ಬರುತ್ತದೆ.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ತೀರಾ ದೂರದ ಚಕ್ರದಿಂದ ಶುರು, ಹತ್ತಿರದ್ದು ಕೊನೆಗೆ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಬ್ರೇಕ್ ಲೈನ್ ಇರುವ ಕಾರುಗಳಲ್ಲಿ ಕ್ರಮ ಬೇರೆ ಇರಬಹುದು, ಕಾರಿನ ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ. ಟ್ಯೂಬ್ ಮೊದಲು ನಿಪ್ಪಲ್‌ಗಿಂತ ಮೇಲಕ್ಕೆ ಹೋಗಿ ಆಮೇಲೆ ಬಾಟಲಿಗೆ ಇಳಿಯಲಿ, ತುದಿ ಬಾಟಲಿಯಲ್ಲಿರುವ ಹೊಸ ಆಯಿಲ್‌ನಲ್ಲಿ ಮುಳುಗಿರಲಿ.

ಈಗ ಮನೆಯವರಲ್ಲಿ ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಇದನ್ನು ಮಾಡದವರೇ ಜಾಸ್ತಿ. ಹಳೆ ಮಾಸ್ಟರ್ ಸಿಲಿಂಡರ್‌ನಲ್ಲಿ ದಿನಾ ಓಡಾಡದ ಕೊನೆಯ ಭಾಗಕ್ಕೆ ತುಕ್ಕು, ಕೊಳೆ ಹಿಡಿದಿರುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ.

ಅವರು ಮೆಲ್ಲಗೆ ಒತ್ತಿ "ಒತ್ತಿದೆ" ಎನ್ನಬೇಕು. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ. ಪೆಡಲ್ ಇಳಿಯುತ್ತದೆ, ಅವರು "ಇಳಿಯಿತು" ಎಂದು ಹೇಳಿ ಕಾಲನ್ನು ಅಲ್ಲೇ ಹಿಡಿದಿರಬೇಕು. ನೀವು ನಿಪ್ಪಲ್ ಮುಚ್ಚಿ. ಮುಚ್ಚಿದ ಮೇಲೆ "ಬಿಡು" ಎನ್ನಿ. ಆಗ ಮಾತ್ರ ಕಾಲು ಮೇಲೆ. ಕೆಲಸ ಕೆಡುವುದು ಇಲ್ಲೇ. ನಿಪ್ಪಲ್ ಮುಚ್ಚುವ ಮೊದಲು ಕಾಲು ಅರ್ಧ ಇಂಚು ಮೇಲೆದ್ದರೂ ದಾರದ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ. ಹತ್ತು ಸಲ ತೆಗೆದದ್ದು ಒಂದೇ ಸಲಕ್ಕೆ ವಾಪಸ್. "ಸರಿ", "ಹಾಂ" ಎನ್ನುವ ಮಾತು ಇಬ್ಬರೂ ಬಿಟ್ಟುಬಿಡಿ. ಸರಿ ಎಂದರೆ ಒತ್ತಬೇಕೋ ಬಿಡಬೇಕೋ ಗೊತ್ತಾಗುವುದಿಲ್ಲ. ಮೊದಲು ನಿಪ್ಪಲ್ ಮುಟ್ಟದೆ, ಬರೀ ಮಾತಿನಲ್ಲಿ ನಾಲ್ಕೈದು ಸಲ ಅಭ್ಯಾಸ ಮಾಡಿ.

ಪ್ರತಿ ಸಲ ಬಿಟ್ಟ ಮೇಲೆ ಎರಡು ಮೂರು ಸೆಕೆಂಡ್ ಕಾಯಿರಿ. ಟಪಟಪ ಅಂತ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ಸಾಸಿವೆ ಕಾಳಿನಂಥ ಸಣ್ಣ ಗುಳ್ಳೆಗಳಾಗುತ್ತವೆ, ಅವು ಬೇಗ ಹೊರಗೆ ಬರುವುದಿಲ್ಲ. ಆರು ಸಲಕ್ಕೊಮ್ಮೆ ಎದ್ದು ಡಬ್ಬಿ ನೋಡಿ, ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಡಬ್ಬಿ ಖಾಲಿಯಾಗಿ ಗಾಳಿ ಎಳೆದರೆ ಮೊದಲಿನಿಂದ ಶುರು. ಗುಳ್ಳೆ ನಿಂತು, ಟ್ಯೂಬ್‌ನಲ್ಲಿ ತಿಳಿ ಬಣ್ಣದ ಆಯಿಲ್ ಬಂದಾಗ ಮುಂದಿನ ಚಕ್ರಕ್ಕೆ ಹೋಗಿ.

ಒಬ್ಬರೇ ಮಾಡಬಹುದು ಎಂದು ವಾಲ್ವ್ ಇರುವ ಟ್ಯೂಬ್ ಮಾರುತ್ತಾರೆ. ಅಗ್ಗದವು ನನಗೆ ಒಮ್ಮೆಯೂ ನೆಮ್ಮದಿ ಕೊಟ್ಟಿಲ್ಲ. ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ನಿಪ್ಪಲ್ ತೆರೆದೇ ಇರುವುದರಿಂದ ದಾರದಿಂದಲೂ ಗಾಳಿ ಬರುತ್ತದೆ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಅದರ ಅಗತ್ಯವೂ ಇಲ್ಲ.

ಮುಗಿದ ಮೇಲೆ

ನಿಪ್ಪಲ್ ಬಿಗಿ ಮಾಡುವಾಗ ಜೋರು ಬೇಡ, ಒಳಗೆ ತೂತಿರುವ ಸಣ್ಣ ಬೋಲ್ಟ್ ಅದು. ರಬ್ಬರ್ ಟೋಪಿ ಹಾಕಿ. ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಹೊರಗೆ ಎಲ್ಲೂ ಸೋರದೆ ಅದು ನಿಧಾನಕ್ಕೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ ಎಂದು ಅನುಮಾನಿಸಿ. ಪಂಪ್ ಮಾಡಿದಾಗ ಮೇಲೆ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಸ್ಪಂಜಾದರೆ ಗಾಳಿ ಇನ್ನೂ ಇದೆ. ಬ್ರೇಕ್ ಹಿಡಿದ ಚಕ್ರ ಪೆಡಲ್ ಬಿಟ್ಟರೂ ಬೇಗ ಬಿಡದಿದ್ದರೆ ರಬ್ಬರ್ ಹೋಸ್ ಒಳಗೆ ಉಬ್ಬಿರಬಹುದು. ಹೊಸ ಭಾಗ ಸಿಗುವವರೆಗೆ ಅಂಥ ಕಾರನ್ನು ಅಲುಗಿಸಬೇಡಿ.

ಎಲ್ಲ ಸರಿ ಇದ್ದರೆ ಮನೆಯ ಆವರಣದಲ್ಲೇ, ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕ್ ಮೇಲಿಟ್ಟು ನಾಲ್ಕೈದು ಸಲ ನಿಲ್ಲಿಸಿ ನೋಡಿ. ಮರುದಿನ ಬೆಳಗ್ಗೆ ಟಾರ್ಚ್ ಹಿಡಿದು ನಾಲ್ಕೂ ಚಕ್ರಗಳ ಒಳಬದಿ ನೋಡಿ, ತೇವ ಇರಬಾರದು. ತೆಗೆದ ಹಳೆ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಬಾಟಲಿಗೆ ತುಂಬಿಸಿ, ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಗ್ಯಾರೇಜ್‌ಗೆ ಹೋದ ದಿನ ಅಲ್ಲಿ ಕೊಟ್ಟರಾಯಿತು.